ಕುರಿಹಿಂಡಿಗಿರುವ ಕಾಯಿದೆ

ಭುವನಾಳ ತಾಂಬೂಲದ ದಿನ ನಾನು ಬಾಯಿ ಬಿಡಬಾರದು ಅಂತ ಮೂರು ಮಂದಿ ಹೇಳಿದ್ದರು. ಅಪ್ಪ, ಅವ್ವ, ನನ್ನ ಗಂಡ ಜುಂಜಣ್ಣ. ಯಾಕೆ ಬಿಡಬಾರದು? ಎರಡು ಕೂಸುಗಳನ್ನು ಮಣ್ಣಿಗೆ ಹಾಕಿದವಳು ನಾನು, ಅವರಲ್ಲ.

ಜುಂಜಣ್ಣ ನನ್ನ ಸೋದರಮಾವ, ಅವ್ವನ ತಮ್ಮ. ಈಗ ನನ್ನ ತಂಗಿ ಭುವನಾಳನ್ನು ಅವನ ತಮ್ಮ ವೆಂಕಟೇಶನಿಗೆ ಕೊಡಲು ಹೊರಟಿದ್ದರು. ಗುಮ್ಮಘಟ್ಟದ ನಮ್ಮ ಮನೆಗಳಲ್ಲಿ ಹೆಣ್ಣು ಕೂಸು ತೊಟ್ಟಿಲಲ್ಲಿರುವಾಗಲೇ ಮಾವನ ಹೆಸರು ಹೇಳಿಬಿಡುತ್ತಾರೆ. ಹೊರಗಿನವರು ಯಾಕೆ, ನಮ್ಮ ರಕ್ತ ನಮ್ಮಲ್ಲೇ ಇರಲಿ ಅನ್ನುತ್ತಾರೆ. ನನ್ನ ಕೂಸುಗಳಲ್ಲೂ ಅದೇ ರಕ್ತ ಇತ್ತಲ್ಲ, ಚೆನ್ನಾಗಿಯೇ ಇತ್ತು!

ನನ್ನ ಮೊದಲ ಕೂಸು ತಲೆಗೂದಲು, ಹುಬ್ಬು ಏನೂ ಇಲ್ಲದೆ ಬೋಳಾಗಿ ಹುಟ್ಟಿತು. ನಾಲ್ಕು ತಿಂಗಳಿಗೆ ಎದೆಯಲ್ಲಿ ಕಫ ಕಟ್ಟಿ ಹೋಯಿತು. ಬಸುರಿಯಾಗಿದ್ದಾಗ ನಾನು ಗ್ರಹಣ ನೋಡಿದ್ದೇ ಕಾರಣ ಅಂದಳು ಉಜ್ಜಿನಮ್ಮ. ಅವಳು ನನಗೆ ಅಜ್ಜಿ, ಮದುವೆಯಾದ ಮೇಲೆ ಅತ್ತೆಯೂ ಅವಳೇ. ಎರಡನೆಯದೂ ಹಾಗೇ ಹುಟ್ಟಿದಾಗ ಹಟ ಹಿಡಿದು ಬೆಂಗಳೂರಿಗೆ ಒಯ್ದೆ. ಎದೆಗೂಡಿನಲ್ಲಿ ಥೈಮಸ್ ಅಂತ ಒಂದು ಗ್ರಂಥಿ ಇರಬೇಕಂತೆ, ರೋಗದ ಜೊತೆ ಹೋರಾಡುವ ರಕ್ತಕಣ ಪಳಗುವುದು ಅಲ್ಲೇ ಅಂತೆ. ನನ್ನ ಕೂಸಿಗೆ ಅದು ಬೆಳೆದೇ ಇರಲಿಲ್ಲ.

"ಕೂದಲಿಲ್ಲದ್ದಕ್ಕೂ ಇದಕ್ಕೂ ಒಂದೇ ದೋಷ ಕಾರಣ. ಅದು ನಿಮ್ಮಿಬ್ಬರಲ್ಲೂ ಅಡಗಿದೆ, ಒಂದೇ ಮನೆತನದಿಂದ ಬಂದಿದೆ. ನಿಮ್ಮ ತಂಗಿಗೂ ಇರಬಹುದು, ಅವಳಿಗೆ ಗೊತ್ತುಮಾಡಿದ ಮಾವನಿಗೂ ಇರಬಹುದು" ಅಂದರು ಡಾಕ್ಟರಮ್ಮ. ಕೂಸು ಆರು ತಿಂಗಳು ತುಂಬಿಸಲಿಲ್ಲ. ರಕ್ತ ಪರೀಕ್ಷೆ ಮಾಡಿಸಿಕೋ ಅಂದರೆ ವೆಂಕಟೇಶ, "ನಾನೇನು ರೋಗಿಷ್ಟನಾ?" ಅಂತ ಎದ್ದು ಹೋದ.

ತಾಂಬೂಲಕ್ಕೆ ಎಲ್ಲರೂ ಕೂತಿದ್ದರು. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಮಡಕಶಿರಾ ಕಡೆಯಿಂದ ತಂದ ಹೊಸ ಟಗರಿನ ಸುದ್ದಿ ತೆಗೆದ.

"ಹಳೇದು ಚಲೋ ಇತ್ತಲ್ಲ, ಹನುಮಂತರಾಯ?" ಅಂತ ಅಪ್ಪನನ್ನು ಕೇಳಿದರು ಯಾರೋ.

"ಎರಡು ವರ್ಷ ಆತ್ರಿ. ಅದರ ಮರಿಗಳೇ ಬೆದೆಗೆ ಬಂದಾವ. ಅದನ್ನೇ ಬಿಟ್ರ ಹಿಂಡು ಕೆಡತೈತಿ."

ನಾನು ಬಾಯಿ ಬಿಟ್ಟೆ.

"ಹೆಂಗ ಕೆಡತೈತಪ್ಪಾ?"

"ಮರಿ ಬಡಕಲಾಗತಾವ, ಸಾಯತಾವ. ಕುರಿ ಕಾಯೋರ ಮಗಳು, ಗೊತ್ತಿಲ್ಲೇನು ನಿನಗ?"

"ನಿನಗ ಗೊತ್ತಿತ್ತಲ್ಲ! ಕುರಿಗೆ ಮಾಡೋ ವಿಚಾರ ಹೆತ್ತ ಮಗಳಿಗೆ ಯಾಕ ಮಾಡಲಿಲ್ಲ?"

ಅಪ್ಪ ಎಲೆ ಕೆಳಗಿಟ್ಟು ಜುಂಜಣ್ಣನ ಕಡೆ ನೋಡಿದ.

"ಬಾಯಿ ಮುಚ್ಚು ಕೃಷ್ಣವೇಣೀ! ಮನುಷ್ಯರನ್ನ ಕುರಿಗೆ ಹೋಲಿಸ್ತಿಯೇನು?" ಜುಂಜಣ್ಣ ಕೂಗಿದ.

"ಕುರಿಗಿಂತ ಕಡೆ ಮಾಡೀರಿ, ಅದಕ್ಕ! ಭುವನಾನ್ನ ಕೊಟ್ರ ಈ ಮನಿಗೆ ನಾನು ಸತ್ತಂಗ."

ಅಜ್ಜಿ ಎದ್ದು ನನ್ನ ಹತ್ತಿರ ಬಂದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ತಿರುಗಿ ಹೊಡೆಯುತ್ತಿದ್ದೆ.

"ನಿನ್ನ ಕೂಸುಗಳಿಗೆ ಹುಬ್ಬಿರಲಿಲ್ಲ" ಅಂದಳು. "ನನ್ನವೂ ಮೂರು ಹಂಗೇ ಹುಟ್ಟಿ ಹೋದವು. ನಾನೂ ಮಾವನ್ನೇ ಮಾಡಿಕೊಂಡಾಕಿ."

ಅವ್ವನಿಗೂ ಇದು ಗೊತ್ತಿರಲಿಲ್ಲ ಅಂತ ಅವಳ ಮುಖವೇ ಹೇಳುತ್ತಿತ್ತು.

"ಮತ್ತ ನನಗ ಗ್ರಹಣ ಅಂದೆಲ್ಲ?"

"ನನಗೂ ಅದನ್ನೇ ಅಂದಿದ್ರು."

ಅವಳು ಬಗ್ಗಿ ತಾಂಬೂಲದ ತಟ್ಟೆ ಎತ್ತಿಕೊಂಡಳು. "ಏಳೋ ವೆಂಕಟೇಶಾ. ಈ ಹುಡುಗಿ ನಿನಗಲ್ಲ."

ಭುವನಾ ಓಡಿ ಬಂದು, ಉಳಿಸಿದಿ ಅಂತ ಅಜ್ಜಿಯ ಕಾಲು ಹಿಡಿದಳು. ಎಲ್ಲರೂ ನನ್ನ ಮುಖ ನೋಡಿದರು, ನಾನೂ ಹಿಡಿಯುತ್ತೇನೆ ಅಂತ. ನಾನು ಹಿಡಿಯಲಿಲ್ಲ. ಐದು ವರ್ಷದ ಹಿಂದೆ ನನ್ನ ತಾಂಬೂಲದ ದಿನವೂ ಆ ತಟ್ಟೆ ಅವಳ ಕೈಯಲ್ಲೇ ಇತ್ತು. ಅವತ್ತೂ ಅವಳಿಗೆ ಆ ಮೂರು ಕೂಸುಗಳ ನೆನಪಿತ್ತು.