ಶುಕ್ರವಾರದ ಪಾಠಕ್ಕೆ ಬಂದವಳು

ಚಿನ್ಮಯಿ ಮೊದಲ ಸಲ ಪಾಠಕ್ಕೆ ಬಂದ ದಿನವೇ ಸಿರಿಲ್‌ಗೆ ಅವಳ ಮೇಲೆ ಅನುಮಾನ ಹುಟ್ಟಿತು. ಕುವೈತಿನ ಅಬು ಹಲೀಫಾದಲ್ಲಿದ್ದ ಅವನ ಫ್ಲ್ಯಾಟಿಗೆ ಶುಕ್ರವಾರ ಸಂಜೆ ಕಾರ್ಮಿಕ ಕಾನೂನು ಕಲಿಯಲು ಬರುತ್ತಿದ್ದವರು ಡ್ರೈವರ್‌ಗಳು, ವೆಲ್ಡರ್‌ಗಳು, ಸಲ್ವಾದ ಮನೆಗೆಲಸದ ಹೆಂಗಸರು. ಇವಳೋ ಮೈಸೂರಿನವಳು, ಸಬ್ಹಾನಿನ ಒಂದು ಗಾಜಿನ ಫ್ಯಾಕ್ಟರಿಯಲ್ಲಿ ಎಚ್‌ಆರ್ ಆಫೀಸರ್. ಅದೇ ಫ್ಯಾಕ್ಟರಿಯ ಸ್ಯಾಮುವೆಲ್ ಮತ್ತು ಅವನ ಇಬ್ಬರು ಗೆಳೆಯರು ಅವಳನ್ನು ಕಂಡದ್ದೇ ಮಾತು ನಿಲ್ಲಿಸಿದರು.

"ಸರ್, ಪಾಸ್‌ಪೋರ್ಟ್ ಕಂಪನಿಯವರೇ ಇಟ್ಕೊಂಡ್ರೆ ಕಂಪ್ಲೇಂಟ್ ಕೊಡೋಕೆ ಒಬ್ಬೊಬ್ರೇ ಹೋಗ್ಬೇಕಾ, ಒಟ್ಟಿಗೆ ಹೋಗ್ಬಹುದಾ?" ಎಂದಳು ಚಿನ್ಮಯಿ.

"ಯಾಕೆ, ಹೋಗುವವರು ಯಾರು ಅಂತ ಗೊತ್ತಾಗ್ಬೇಕಿತ್ತಾ ನಿಮಗೆ?" ಎಂದ ಸಿರಿಲ್.

ಇಂಥ ಪ್ರಶ್ನೆಗಳಿಂದ ಅವನು ಹಿಂದೊಮ್ಮೆ ಕೈ ಸುಟ್ಟುಕೊಂಡಿದ್ದ. ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಯೂನಿಯನ್ ಕಾರ್ಯದರ್ಶಿಯಾಗಿದ್ದಾಗ ಕಮಿಟಿಯಲ್ಲಿ ಆಡಿದ ಮಾತೆಲ್ಲ ಮಾಲೀಕರ ಕಿವಿಗೆ ಬೀಳುತ್ತಿತ್ತು. ಮುಷ್ಕರ ಮುರಿಯಿತು. ಸುದ್ದಿ ಮುಟ್ಟಿಸುತ್ತಿದ್ದವನು ದಿನಾ ಅವನ ಜೊತೆಗೇ ಚಹಾ ಕುಡಿಯುತ್ತಿದ್ದವನು. ಕೆಲಸ ಕಳೆದುಕೊಂಡ ಸಿರಿಲ್ ಸಂಜೆ ಕಾಲೇಜಿನಲ್ಲಿ ಓದಿ ವಕೀಲನಾದ, ಲೇಬರ್ ಕೋರ್ಟಿನಲ್ಲಿ ಹೆಸರು ಮಾಡಿದ. ಕೊನೆಗೆ ನರ್ಸ್ ಆಗಿದ್ದ ಹೆಂಡತಿ ಲಿಜ್ಜಿಯ ಹಿಂದೆ ಕುವೈತಿಗೆ ಬಂದ. ಇಲ್ಲಿನ ಕೋರ್ಟಿನಲ್ಲಿ ಅವನು ವಾದಿಸುವಂತಿರಲಿಲ್ಲ. ಕುವೈತಿ ವಕೀಲರೊಬ್ಬರ ಆಫೀಸಿನಲ್ಲಿ ಸಲಹೆಗಾರನಾಗಿ ಕೂತ. ಕೂತು ಬೇಸತ್ತು ಪಾಠ ಶುರುಮಾಡಿದ.

ಚಿನ್ಮಯಿ ತಪ್ಪದೆ ಬರತೊಡಗಿದಳು. ಮೊಬೈಲನ್ನು ಮಗುಚಿ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದಳು. ರೆಕಾರ್ಡ್ ಮಾಡುತ್ತಿದ್ದಾಳೆಯೇ? ಒಂದು ಸಂಜೆ ಬಾಲ್ಕನಿಯಿಂದ ನೋಡಿದರೆ ಕೆಳಗೆ ಕಾರಿನ ಬಳಿ ಸ್ಯಾಮುವೆಲ್‌ನನ್ನು ನಿಲ್ಲಿಸಿಕೊಂಡು ಮಾತಾಡುತ್ತಿದ್ದಳು.

"ನಿಮಗೆ ಎಲ್ಲರ ಮೇಲೂ ಸಂಶಯ. ಪಾಪದ ಹುಡುಗಿ ಅದು" ಎಂದಳು ಲಿಜ್ಜಿ.

"ಪಾಪದವರ ಹಾಗೆ ಕಾಣುವವರೇ ಕತ್ತು ಕೊಯ್ಯುವುದು."

ಮುಂದಿನ ಪಾಠ ಮುಗಿದಾಗ ಅವಳೊಬ್ಬಳನ್ನೇ ಕರೆದು ಪಿಸುಗುಟ್ಟಿದ: "ಯಾರಿಗೂ ಹೇಳ್ಬೇಡಿ. ಭಾನುವಾರ ಬೆಳಗ್ಗೆ ನಿಮ್ಮ ಫ್ಯಾಕ್ಟರಿಯ ಕೆಲಸಗಾರರು ಪಾಸ್‌ಪೋರ್ಟಿನ ವಿಷಯಕ್ಕೆ ಲೇಬರ್ ಆಫೀಸಿಗೆ ಹೋಗ್ತಾರೆ. ನಾನೂ ಇರ್ತೇನೆ."

ಪೂರ್ತಿ ಸುಳ್ಳು, ಅವಳನ್ನು ಹಿಡಿಯಲು ಒಡ್ಡಿದ ಬಲೆ. ಮ್ಯಾನೇಜರ್ ಯಾರನ್ನಾದರೂ ಕರೆದು ಗದರಿದನೋ, ಕಳ್ಳಿ ಸಿಕ್ಕಿಬಿದ್ದಂತೆಯೇ.

ಭಾನುವಾರ ಬೆಳಗ್ಗೆ ಫೋನ್ ಬಂತು. ಸ್ಯಾಮುವೆಲ್.

"ಸರ್, ಲೇಬರ್ ಆಫೀಸ್ ಮುಂದೆ ನಿಂತಿದ್ದೀವಿ. ನೀವೆಲ್ಲಿದ್ದೀರಿ?"

"ಎಂಥದು ಮಾರಾಯ? ಯಾರು ಹೇಳಿದ್ದು ನಿಮಗೆ?"

"ಚಿನ್ಮಯಿ ಮೇಡಂ. ನೀವು ತೀರ್ಮಾನ ಮಾಡಿದ್ದೀರಿ, ತಾನೂ ಬರ್ತೀನಿ ಅಂತ ಕಾರಲ್ಲಿ ಕರ್ಕೊಂಡು ಬಂದ್ರು. ಡ್ಯೂಟಿ ಬಿಟ್ಟು ಬಂದಿದ್ದೀವಿ ಸರ್. ಸುಮ್ನೆ ವಾಪಸ್ ಹೋದ್ರೆ ಖಲಾಸ್."

ಟ್ಯಾಕ್ಸಿಯಲ್ಲಿ ಕೂತಾಗಲೂ ಸಿರಿಲ್‌ನ ತಲೆ ಅಲ್ಲೇ ಸುತ್ತುತ್ತಿತ್ತು. ತನ್ನನ್ನು ಹಿಡಿದುಕೊಡಲು ಇವಳೇ ಹೂಡಿದ ಆಟವಿರಬಹುದೇ? ಕಂಪನಿಯವರು ಅಲ್ಲಿ ಕಾದು ಕೂತಿರಬಹುದೇ?

ಅಲ್ಲಿ ಕಂಪನಿಯವರು ಯಾರೂ ಇರಲಿಲ್ಲ. ದುಪ್ಪಟ್ಟಾ ತಲೆಗೆಳೆದುಕೊಂಡು ಚಿನ್ಮಯಿ ಬಿಸಿಲಲ್ಲಿ ನಿಂತಿದ್ದಳು.

"ಪಾಸ್‌ಪೋರ್ಟ್ ಎಲ್ಲ ನನ್ನ ರೂಮಿನ ಕಪಾಟಲ್ಲೇ ಇವೆ ಸರ್. ಕೀ ಮ್ಯಾನೇಜರ್ ಹತ್ರ. ನಾನು ಸಾಕ್ಷಿ ಹೇಳ್ತೀನಿ."

"ನಿಮ್ಮ ಕೆಲಸ ಹೋಗ್ತದೆ."

"ಗೊತ್ತು. ಕಳೆದ ವರ್ಷ ಒಬ್ಬರ ತಾಯಿ ತೀರ್ಕೊಂಡಾಗ, ಪಾಸ್‌ಪೋರ್ಟ್ ಕೊಡೋಕಾಗಲ್ಲ ಅಂತ ನಾನೇ ಹೇಳ್ಬೇಕಾಯ್ತು. ಅವರು ಮಣ್ಣಿಗೂ ಹೋಗ್ಲಿಲ್ಲ."

ಸಿರಿಲ್ ಅವಳನ್ನು ಪಕ್ಕಕ್ಕೆ ಕರೆದು ನಿಜ ಹೇಳಿದ. ಅವಳ ಮುಖ ಕಪ್ಪಿಟ್ಟಿತು.

"ಅಂದ್ರೆ, ನನ್ನ ಹಿಡಿಯೋಕೆ ಇವರನ್ನ ಬಿಸಿಲಲ್ಲಿ ನಿಲ್ಲಿಸಿದ್ರಾ?"

ಸಿರಿಲ್ ಬಿಸಿಲಲ್ಲಿ ನಿಂತಿದ್ದ ಸ್ಯಾಮುವೆಲ್‌ನತ್ತ ನೋಡಿದ.

"ಈಗ ಒಳಗೆ ಬರ್ತೀರಾ, ಇಲ್ವಾ?"

ಅವನು ಒಳಗೆ ಹೋದ. ಮುಷ್ಕರ ಮುರಿದ ಮೇಲೆ ಕೆಲಸಗಾರರ ಮುಂದೆ ನಡೆದದ್ದು ಅದೇ ಮೊದಲು. ತನ್ನ ಇಕಾಮಾಕ್ಕೇ, ಇಲ್ಲಿ ವಾಸಿಸುವ ಪರವಾನಗಿಗೇ, ಕುತ್ತು ಬರಬಹುದೆಂದು ತಿಳಿದೂ ಅರೆಬರೆ ಅರಬ್ಬಿಯಲ್ಲಿ ಅವರ ಪರವಾಗಿ ಮಾತಾಡಿದ. ಅಧಿಕಾರಿ ಒಂದೆರಡು ಸಲ ಗದರಿದರೂ ದೂರು ತೆಗೆದುಕೊಂಡರು.

ಕೆಲವು ವಾರಗಳಲ್ಲಿ ಫ್ಯಾಕ್ಟರಿ ಎಲ್ಲರ ಪಾಸ್‌ಪೋರ್ಟ್ ಹಿಂತಿರುಗಿಸಿತು. ಚಿನ್ಮಯಿಯನ್ನು ಕೆಲಸದಿಂದ ತೆಗೆಯಿತು. ಅವಳ ವೀಸಾ ಬೇರೆ ಕಂಪನಿಗೆ ಬದಲಾಗುವವರೆಗೆ ಸಿರಿಲ್ ಆಫೀಸಿನಿಂದ ಆಫೀಸಿಗೆ ಅಲೆದ.

ಅವಳು ಪಾಠಕ್ಕೆ ಬರುವುದನ್ನು ಬಿಡಲಿಲ್ಲ. ಆದರೆ ಈಗ ಅವನು ಏನು ಹೇಳಿದರೂ, "ಇದು ಯಾವ ಕಲಮು ಸರ್?" ಎಂದು ಕೇಳಿ ಅಲ್ಲೇ ಮೊಬೈಲ್ ತೆಗೆದು ತಾಳೆ ನೋಡುತ್ತಾಳೆ. ಉಳಿದವರೂ ಅವಳ ಸ್ಕ್ರೀನಿನತ್ತ ಬಾಗುತ್ತಾರೆ. ಅವಳು ತಲೆಯಾಡಿಸುವವರೆಗೆ ಸಿರಿಲ್ ಮಾತು ನಿಲ್ಲಿಸಿ ಕಾಯುತ್ತಾನೆ.