ಕೆಂಪು ಜಾಕೀಟಿನ ತೋಳು

ಶಿವಪ್ರಕಾಶ ತೀರಿಹೋದ ಸುದ್ದಿ ಆಳಂದಕ್ಕೆ ಬಂದಾಗ ಅವನ ಅಕ್ಕ ಶಾರದಾಬಾಯಿ ಲಿಂಗಪೂಜೆಗೆ ಕುಳಿತಿದ್ದರು. ಹಿಂದಿನ ಸಂಜೆ ಅಫಜಲಪುರದಲ್ಲಿ ಹಾಡುತ್ತಲೇ ಅವನು ವೇದಿಕೆಯ ಮೇಲೆ ಕುಸಿದಿದ್ದ. ಬೆಳಗಾಗುವುದರೊಳಗೆ ಕಲಬುರಗಿಯ ಆಸ್ಪತ್ರೆಯಲ್ಲಿ ಉಸಿರು ನಿಂತಿತ್ತು. ಅಂಗೈಯ ಲಿಂಗವನ್ನು ಅವರು ಅಲುಗಿಸಲಿಲ್ಲ. ಪೂಜೆ ಮುಗಿಸಿಯೇ ಅತ್ತರು.

ಮಧ್ಯಾಹ್ನ ದೇಹ ಬಂತು. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿದರು. ಮಠದ ಅಯ್ಯನವರು ಅವನ ಎಡಗೈ ಬಿಡಿಸಿ ಕೇಳಿದರು: “ಕೈಯಾಗ ಇಡೋ ಲಿಂಗ ಎಲ್ಲದ್ರಿ?”

ಎಲ್ಲರ ಕಣ್ಣೂ ಶಿವಪ್ರಕಾಶನ ಕೊರಳಿಗೆ ಹೋಯಿತು. ಕೊರಳು ಬರಿದಾಗಿತ್ತು.

ಶಾರದಾಬಾಯಿ ಹೆದರಿದ್ದು ಇದಕ್ಕೇ. ಜೇವರ್ಗಿಯಲ್ಲಿ ಕಾಲೇಜು ಓದುವಾಗ ಗಿಟಾರು ಹಿಡಿದವನು, ತಲೆ ನರೆತರೂ ಕೆಳಗಿಟ್ಟಿರಲಿಲ್ಲ. ತಾನೇ ಹಾಡು ಕಟ್ಟಿ, ತಾನೇ ಕುಣಿದು ಹಾಡುವ ರಾಕ್ ಅಂಡ್ ರೋಲ್. ಭೂಸನೂರಿನ ಕಬ್ಬಿನ ಲಾರಿಯ ಬಗ್ಗೆ ಕಟ್ಟಿದ ಹಾಡಿಗೆ ಯಡ್ರಾಮಿಯ ಮುದುಕರೂ ಹೆಜ್ಜೆ ಹಾಕುತ್ತಿದ್ದರಂತೆ. ಆದರೆ ಪೋಸ್ಟರೊಂದರಲ್ಲಿ ತಮ್ಮನ ಬರಿ ಕೊರಳು ಕಂಡ ದಿನದಿಂದ, ಲಿಂಗ ಬಿಟ್ಟವನ ಹಾಡು ತನಗೆ ಬೇಡವೆಂದು ಅವರು ಒಂದು ಕಾರ್ಯಕ್ರಮಕ್ಕೂ ಹೋಗಿರಲಿಲ್ಲ. ಬಿಟ್ಟೆಯಾ ಎಂದು ಅವನನ್ನು ಕೇಳಲೂ ಇಲ್ಲ.

“ಹೊತ್ತು ಮುಳುಗೋದ್ರಾಗ ಮಣ್ಣು ಕೊಡಬೇಕು,” ಎಂದರು ಅಯ್ಯನವರು. “ಹೊಸಾ ಲಿಂಗ ತರಸ್ರಿ.”

“ಬ್ಯಾಡ್ರಿ,” ಎಂದರು ಶಾರದಾಬಾಯಿ. “ಬಿಟ್ಟಾನಂದ್ರ ಬಿಟ್ಟಾನ. ಸತ್ತ ಮ್ಯಾಲ ಅವನ ಕೈಯಾಗ ಸುಳ್ಳು ಇಡಬ್ಯಾಡ್ರಿ.”

ಬಾಗಿಲಲ್ಲಿ ನಿಂತಿದ್ದ ರಸೂಲ ಒಳಬಂದ. ಮೊದಲ ಕಾರ್ಯಕ್ರಮದಿಂದಲೂ ಶಿವಪ್ರಕಾಶನ ಜೊತೆ ಡ್ರಮ್ ಬಾರಿಸಿದವನು.

“ಅಕ್ಕಾರ, ಬಿಟ್ಟಿಲ್ರಿ. ಕೊರಳಾಗಿದ್ರ ಲಿಂಗದ ಕರಡಿಗೆ ಗಿಟಾರಿಗೆ ಬಡದು ಮೈಕಿನ್ಯಾಗ ಕಟಕಟ ಅಂತಿತ್ತು. ಮಂದಿ ನಗ್ತಿದ್ರು. ಅದಕ್ಕ ಅರಿವ್ಯಾಗ ಸುತ್ತಿ ತೋಳಿಗೆ ಕಟ್ಟಕೊಂಡ, ಮ್ಯಾಲ ಜಾಕೀಟು. ‘ಲೇ ರಸೂಲ, ನಿನ್ನ ಡ್ರಮ್ ಒಡದ್ರೂ ನಡೀತದ, ಇದಕ್ಕ ಪೆಟ್ಟು ಬೀಳಬಾರದು’ ಅಂತಿದ್ದ.”

“ಹಂಗಾರ ಈಗ ಎಲ್ಲದ?” ಎಂದರು ಶಾರದಾಬಾಯಿ.

“ಬಿದ್ದಾಗ ಗಾಳಿ ಆಡ್ಲಿ ಅಂತ ಗಡಿಬಿಡ್ಯಾಗ ಜಾಕೀಟು ಎಳದು ತಗದ್ವಿ. ಅದರ ಜೋಡಿ ಜಾರಿ ಬಂದಿರಬೇಕ್ರಿ. ಜಾಕೀಟು ಸಾಮಾನಿನ ಗಾಡ್ಯಾಗದ. ಮೌಲಾಲಿ ಹೊಡಕೊಂಡು ಬರಾಕತ್ತಾನ, ಚೌಡಾಪುರ ದಾಟ್ಯಾನಂತ.”

“ಇರಬೇಕು ಅಂತೀಯಲ್ಲೋ! ನೀ ಕಂಡೀಯೇನು?”

ರಸೂಲ ತಲೆ ತಗ್ಗಿಸಿದ. “ಇಲ್ರಿ.”

ದೇಹದ ಮುಂದೆ ಕುಳಿತಿದ್ದ ಭಜನೆಯವರು ಒಂದು ಪದ ಮುಗಿಸಿ ಇನ್ನೊಂದು ಹಿಡಿದರು. ಅಂಗಳದ ಬಿಸಿಲು ಗೋಡೆ ಹತ್ತಿತು. ಅಯ್ಯನವರು ಎರಡು ಸಲ ಎದ್ದು ಹೊರಗೆ ನೋಡಿ ಬಂದು ಕುಳಿತರು. ಶಾರದಾಬಾಯಿ ತಮ್ಮನ ಖಾಲಿ ಅಂಗೈಯಿಂದ ಕಣ್ಣು ಕೀಳಲಿಲ್ಲ.

ಬಿಸಿಲು ಮಾಳಿಗೆ ದಾಟುವ ಹೊತ್ತಿಗೆ ಗಾಡಿ ಬಂತು. ರಸೂಲ ಓಡಿಹೋಗಿ ಕೆಂಪು ಜಾಕೀಟು ತಂದು ಅವರ ಮಡಿಲಿಗಿಟ್ಟ. ಬಲತೋಳಿನಲ್ಲಿ ಕೈ ಹಾಕಿದರು; ಬೆವರು ಒಣಗಿ ಬಿರುಸಾದ ಬಟ್ಟೆಯಷ್ಟೇ. ಎಡತೋಳಿನಲ್ಲಿ ಹಾಕಿದರು. ಒಳಗೆ, ಹರಿದ ಅಸ್ತರಿನ ನಡುವೆ, ಗಂಟೊಂದು ಬೆರಳಿಗೆ ಸಿಕ್ಕಿತು.

ಬಿಚ್ಚಿದಾಗ ಕರಡಿಗೆ. ಅದರೊಳಗೆ ಲಿಂಗ, ಅದರ ಮೇಲೆ ನಿನ್ನೆಯ ಪೂಜೆಯ ವಿಭೂತಿ, ಬಾಡಿದ ಒಂದು ಹೂವಿನ ಎಸಳು.

ಅವರೇ ತಮ್ಮನ ಅಂಗೈಯಲ್ಲಿ ಅದನ್ನಿಟ್ಟರು. ಅಯ್ಯನವರು ಬೆರಳು ಮಡಿಚಿದರು.

“ರಸೂಲ, ಆ ಲಾರಿ ಹಾಡು ಹೇಳೋ.”

“ಇಲ್ಲೇನ್ರಿ ಅಕ್ಕಾರ?”

“ಇಲ್ಲೇ. ನಾ ಒಮ್ಮೆನೂ ಕೇಳಿಲ್ಲ.”

ರಸೂಲ ಹೊಸ್ತಿಲ ಮೇಲೆ ಅಂಗೈ ಬಡಿಯುತ್ತ ಹಾಡಿದ. ಅರ್ಧಕ್ಕೆ ನಿಂತಾಗ ಭಜನೆಯವನೊಬ್ಬ ತಾಳ ಹಿಡಿದು ಮುಂದೆ ನಡೆಸಿದ.

ಬೆಳಕಿರುವಾಗಲೇ ಶಿವಪ್ರಕಾಶನನ್ನು ಗುಂಡಿಯಲ್ಲಿ ಕೂರಿಸಿದರು. ಶಾರದಾಬಾಯಿ ಒಂದು ಹಿಡಿ ಮಣ್ಣು ಹಾಕಿ ಕೈ ಮುಗಿದರು.

“ಬಸವಾ, ನನ್ನ ತಮ್ಮ ಜನ್ಮಪೂರ್ತಿ ನಿಂತು ಹಾಡಿ ದಣದಾನಪ್ಪಾ. ನಿನ್ನ ಹತ್ರ ಕೂಡಿಸಿಕೋ. ಅವನ ಜೀವಕ್ಕ ಶಾಂತಿ ಕೊಡು.”