ಸಂಕರ್ಷಣನ ಪಾಲಿನ ಊಟ

ಬಸ್ಸು ಮುದ್ದೇಬಿಹಾಳದ ಸ್ಟ್ಯಾಂಡು ಬಿಟ್ಟು ಇನ್ನೂ ಮಾರ್ಕೆಟ್ ಯಾರ್ಡು ದಾಟಿರಲಿಲ್ಲ, ಪಕ್ಕದಲ್ಲಿ ಕೂತಿದ್ದ ಹೆಂಗಸು ತೊಡೆಯ ಮೇಲೆ ಬುತ್ತಿಗಂಟು ಬಿಚ್ಚಿದಳು. ಸಜ್ಜೆಯ ಖಡಕ್ ರೊಟ್ಟಿ, ಅದರ ಮೇಲೆ ಗುರೆಳ್ಳು ಚಟ್ನಿ, ಚಟ್ನಿಯ ಮೇಲೆ ಗಟ್ಟಿ ಮೊಸರು. ವಾಸನೆ ತಡೆಯಲಾರದೆ ಕಿಟಕಿಯ ಕಡೆ ಮುಖ ತಿರುಗಿಸಬೇಕೆಂದಿದ್ದ ಅನಂತ ಮಾಸ್ತರರು ತಿರುಗಿಸದೆ ಹಾಗೇ ಉಳಿದರು. ನಾಲಿಗೆಯ ಬುಡದಲ್ಲಿ ಎಲ್ಲೋ ಸಣ್ಣದೊಂದು ಒರತೆ ಕಣ್ಣು ತೆರೆದಂತಾಯಿತು. ಬಾಯಲ್ಲಿ ನೀರು! ಎಷ್ಟು ತಿಂಗಳ ಮೇಲೆ!

"ಹಸಿವಿ ಬಂತು," ಎಂದರು ತಮಗೆ ತಾವೇ, ತುಸು ಜೋರಾಗಿಯೇ.

"ಬಂದ್ರ ಉಣ್ರಿ ಯಪ್ಪಾ," ಹೆಂಗಸು ಅರ್ಧ ರೊಟ್ಟಿ ಮುರಿದು ಚಾಚಿದಳು. "ಕಿಡಕಿ ನೋಡ್ಕೋತ ಕುಂತ್ರ ಹೊಟ್ಟಿ ತುಂಬತೈತೇನು?"

"ಹಂಗಲ್ಲವಾ. ಗೊಳಸಂಗಿಗೆ ಶ್ರಾದ್ಧದ ಊಟಕ್ಕ ಹೊಂಟೇನಿ. ಅಲ್ಲಿ ಎಲಿ ಮುಂದ ಕೂಡೂತನಕ ಏನೂ ತಿನ್ನೂ ಹಂಗಿಲ್ಲ."

"ಅಯ್ಯ, ಸತ್ತವರ ಹೆಸರ್ಲೆ ಉಣ್ಣಾಕ ಹೊಂಟೀರೇನು? ಹಂಗಾರ ಹೊಟ್ಟಿ ಖಾಲಿನ ಇಟ್ಕೊಂಡ ಹೋಗ್ರಿ. ಪಾಪ, ವರ್ಸಕ್ಕೊಮ್ಮಿ ಉಣ್ಣಾಂವ ಅಂವ!" ಎಂದು ಅವಳು ರೊಟ್ಟಿಯನ್ನು ಕಟಕಟ ಕಡಿಯತೊಡಗಿದಳು. ಮಾಸ್ತರರು ಆ ಸದ್ದನ್ನು ಹಾಡಿನಂತೆ ಕೇಳುತ್ತ ಕೂತರು.

ಅವರ ಹಸಿವೆ ಮನೆ ಬಿಟ್ಟು ಹೋಗಿ ಬಹಳ ದಿನವಾಗಿತ್ತು. ಹೈಸ್ಕೂಲಿನಲ್ಲಿ ಕನ್ನಡ, ಸಂಸ್ಕೃತ ಕಲಿಸಿ ನಿವೃತ್ತರಾಗುವ ಹೊತ್ತಿಗೆ ಮೈ ಬೆಳೆದು, ಸಕ್ಕರೆ ಏರಿ, ಮೊಣಕಾಲು ಹಟ ಹಿಡಿದು ಕೂತಿದ್ದವು. ವಿಜಯಪುರದ ಡಾಕ್ಟರು ಸಕ್ಕರೆಗೂ ತೂಕಕ್ಕೂ ಎಂದು ವಾರಕ್ಕೊಂದು ಸೂಜಿ ಬರೆದುಕೊಟ್ಟರು. ಪ್ರತಿ ಸೋಮವಾರ ಹೆಂಡತಿ ವೃಂದಾಬಾಯಿ ಫ್ರಿಜ್ಜಿನಿಂದ ಪೆನ್ನಿನಂಥದ್ದೊಂದನ್ನು ತೆಗೆದು, ದೇವರ ಹೆಸರು ಹೇಳಿ, ಅವರ ಹೊಟ್ಟೆಗೆ ಚುಚ್ಚುವರು. ಮೊದಮೊದಲು ಇಂಗಿನ ಒಗ್ಗರಣೆಗೇ ಹೊಟ್ಟೆ ತೊಳಸುತ್ತಿತ್ತು. ಆಮೇಲೆ ತೊಳಸುವುದು ನಿಂತಿತು, ಅದರ ಬೆನ್ನಿಗೇ ಬೇಕು ಅನ್ನುವುದೂ ನಿಂತಿತು. ಬೆಳಗಿನ ಅವಲಕ್ಕಿ ತಿನ್ನುತ್ತಲೇ ಮಧ್ಯಾಹ್ನಕ್ಕೇನು ಎಂದು ಕೇಳುತ್ತಿದ್ದ ಮನುಷ್ಯ, ಈಗ ತಾಟಿನ ಮುಂದೆ ಬೇಸಿಗೆ ರಜೆಯ ಸಾಲೆಯಂತೆ ಕೂತಿರುತ್ತಿದ್ದರು. ಮೈ ಹಗುರಾಯಿತು, ಅಂಗಿಗಳು ಜೋಲಿದವು, ಮೊಣಕಾಲು ಹೇಳಿದ ಮಾತು ಕೇಳತೊಡಗಿದವು. ಅದೆಲ್ಲ ಒಳ್ಳೆಯದೇ. ಆದರೆ ಹಸಿವೆಯ ರೀತಿಯೇ ಅವರಿಗೆ ತಿಳಿಯಲಿಲ್ಲ. ಕೆಲವು ವಾರ, ಇನ್ನೇನು ಸೋಮವಾರ ಬಂತೆನ್ನುವಾಗ ಅದು ಹಿತ್ತಲ ಬಾಗಿಲಲ್ಲಿ ಬಂದು ಇಣುಕಿ ಹೋಗುವುದು. ಡಾಕ್ಟರು ಮದ್ದಿನ ಪ್ರಮಾಣ ಏರಿಸಿದರೆ ಇಣುಕುವುದೂ ಇಲ್ಲ. ತಿಂಗಳು ಕಳೆದ ಮೇಲೆ ಮತ್ತೆ ಬಂದು ಹೊಸ್ತಿಲಲ್ಲಿ ನಿಲ್ಲುವುದು, ಒಳಗೆ ಬಾ ಎಂದರೆ ಬಾರದು. ಹೋದದ್ದೋ, ಅಡಗಿ ಕೂತದ್ದೋ?

ಸಂಕರ್ಷಣನಿಗೂ ಹೀಗೇ ಆಗಿರಬೇಕು ಎಂದು ಅವರಿಗೆ ಆಗಾಗ ಅನಿಸುತ್ತಿತ್ತು. ಸಂಕರ್ಷಣ ಗೊಳಸಂಗಿಯ ಜಮೀನುದಾರ, ಬಾಲ್ಯದಿಂದ ಜೊತೆಯವ. ಇಂಡಿ ಊರಿನ ಮದುವೆ ಇರಲಿ, ಬಾಗೇವಾಡಿಯ ಮುಂಜಿ ಇರಲಿ, ಪಂಕ್ತಿಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತರೆ ಬಡಿಸುವವರು ಧೋತರ ಬಿಗಿದುಕೊಳ್ಳಬೇಕಿತ್ತು. ಸೂಜಿ ಮೊದಲು ಹಿಡಿದವನೂ ಅವನೇ. ಹೆಂಡತಿ ಜಾನಕಿಬಾಯಿ, ಮಗ ಸುಧೀರ ಇಬ್ಬರೂ ಕಾಡಿ ಬೇಡಿ ಒಪ್ಪಿಸಿದ್ದರು. ಕಳೆದ ವರ್ಷ ಅವನು ಎದೆ ಹಿಡಿದುಕೊಂಡು ಹೋಗಿಬಿಟ್ಟ. ಅದಕ್ಕೂ ಈ ಮದ್ದಿಗೂ ಸಂಬಂಧವಿಲ್ಲ, ಹೃದಯದ ನಾಳ ಮೊದಲೇ ಕಟ್ಟಿತ್ತು ಎಂದು ಡಾಕ್ಟರು ಬಿಡಿಸಿ ಹೇಳಿದರು. ಜಾನಕಿಬಾಯಿ ಅದನ್ನು ಒಪ್ಪಿಕೊಂಡರು. ಒಪ್ಪಿಕೊಳ್ಳಲಾಗದ ಮಾತು ಬೇರೆಯೇ ಇತ್ತು. ಶ್ರಾದ್ಧಕ್ಕೆ ಕರೆಯಲು ಫೋನು ಮಾಡಿದಾಗ ಅದನ್ನು ಹೇಳಿದ್ದರು.

"ಮಾಸ್ತರ್ರ, ಪಿತೃಸ್ಥಾನಕ್ಕ ನೀವ ಕೂಡಬೇಕು. ಗೆಳ್ಯಾರನ್ನ ಕೂಡಸಬಾರದು ಅಂತ ಭಟ್ಟರು ಕಿರಿಕಿರಿ ಮಾಡ್ಯಾರ, ಮಾಡ್ಲಿ ಬಿಡ್ರಿ. ಅವರ ಹಂಗ ಉಣ್ಣೋರು ಮತ್ಯಾರಿದ್ದಾರ? ಕಡೀ ಕಡೀಗೆ ಏನ್ಮಾಡ್ತಿದ್ರು ಗೊತ್ತೇನ್ರಿ? ಎರಡು ತುತ್ತು ಖುಷಿಲೇ ಉಣ್ಣೋರು. ಮೂರನೇದು ಅನ್ನೂದ್ರಾಗ ತಾಟಿನ ಮ್ಯಾಲೆ ಕೈ ಇಟ್ಟು, ಮಾತಿಲ್ಲ ಕತಿಯಿಲ್ಲ, ಎದ್ದು ಹೋಗಿಬಿಡೋರು. ಎಷ್ಟೋ ವರ್ಷ ಸಕ್ರಿ ಬ್ಯಾಡ, ಸಿಹಿ ಬ್ಯಾಡ ಅಂತ ಕಟ್ಟು ಹಾಕಿದಾಕಿ ನಾನು. ಆ ಸಿಟ್ಟು ಹಿಂಗ ತೀರಿಸ್ಕೊಂಡ್ರೋ ಏನೋ. ಮದ್ದಿಂದ ಅಂತಾನ ಸುಧೀರ. ಮದ್ದಿಂದಾದ್ರ ಆ ಮೊದಲಿನ ಎರಡು ತುತ್ತು ಹೆಂಗ ಇಳೀತಿದ್ವು ಹೇಳ್ರಿ? ಹಸಕೊಂಡು ಹೋಗ್ಯಾರ ಅವರು. ನೀವು ಹೊಟ್ಟಿ ತುಂಬ ಉಂಡು ಅವರನ್ನ ಕಳಸಿಕೊಡ್ರಿ."

ನಾನೂ ಅದೇ ಸೂಜಿ ಮಾಡಿಸಿಕೊಳ್ಳುತ್ತೇನೆ ವಹಿನಿ, ಎಂದು ಆಗಲೇ ಹೇಳಬಹುದಿತ್ತು. ಬಾಯಿಂದ ಬಂದದ್ದು "ಆಗಲಿ" ಎಂಬ ಮಾತು.

ಮಾತು ಕೊಟ್ಟ ಮೇಲೆ ಹಸಿವೆಯನ್ನು ಹೇಗಾದರೂ ಕರೆತರಬೇಕಲ್ಲ. ಆ ಸೋಮವಾರ ಸೂಜಿ ಬೇಡವೆಂದರು. ಮುಂದಿನ ಸೋಮವಾರವೂ ಬೇಡವೆಂದರು.

"ಡಾಕ್ಟರನ್ನ ಕೇಳದ ಬಿಡ್ತಾರೇನ್ರಿ?" ವೃಂದಾಬಾಯಿ ಪೆನ್ನು ಹಿಡಿದುಕೊಂಡೇ ಜಗಳಕ್ಕೆ ನಿಂತರು. "ಸತ್ತವರ ಸಲುವಾಗಿ ಇದ್ದವರು ಔಷಧ ತಪ್ಪಿಸೂದು ಎಲ್ಲಿ ಶಾಸ್ತ್ರ?"

"ಒಂದ ಊಟದ ಪ್ರಶ್ನಿ ಅದ, ವೃಂದಾ."

"ನಿಮ್ಮದು ಹುಟ್ಟಿದಾಗಿಂದ ಒಂದ ಊಟದ ಪ್ರಶ್ನಿ!"

ಈಗ ಬಸ್ಸಿನಲ್ಲಿ, ಆ ಹೆಂಗಸಿನ ಮೊಸರಿನ ವಾಸನೆಯಲ್ಲಿ, ಹಸಿವೆ ಒಳಗೆ ಬಂದು ಕಾಲು ಚಾಚಿ ಕೂತಿತ್ತು. ಗೆದ್ದೆ ಎಂದುಕೊಂಡರು ಮಾಸ್ತರರು.

ಗೊಳಸಂಗಿಯ ಮನೆಯಲ್ಲಿ ಕಾಲು ತೊಳೆಸಿಕೊಂಡು ಮಣೆಯ ಮೇಲೆ ಕೂತಾಗ ಹೊತ್ತು ನೆತ್ತಿ ದಾಟಿತ್ತು. ದೇವರ ಸ್ಥಾನಕ್ಕೆ ಸಿಂದಗಿಯ ಧೀರೇಂದ್ರಾಚಾರ್ಯರು, ಸೌದೆಯ ಕಡ್ಡಿಯಂಥ ಮನುಷ್ಯ. ಪಿತೃಸ್ಥಾನದಲ್ಲಿ ಇವರು. ಇನ್ನು ಎಲೆಯಿಂದ ಏಳುವ ತನಕ ಇವರು ಅನಂತನಲ್ಲ, ಸಂಕರ್ಷಣ. ಉಣ್ಣುವಾಗ ಮಾತಾಡುವ ಹಾಗಿಲ್ಲ, ಅಡಿಗೆಯನ್ನು ಹೊಗಳುವ ಹಾಗಿಲ್ಲ, ಜರೆಯುವ ಹಾಗಿಲ್ಲ. ಸುಧೀರನ ಹೆಂಡತಿ ಸಂಪದಾ ಒಳಗಿನಿಂದ ತಂದು ತಂದು ಕೊಟ್ಟಳು, ಸುಧೀರ ಬಡಿಸಿದ. ಬಾಳೆಕಾಯಿ ಪಲ್ಯ, ಮೆಣಸಿನ ಸಾರು, ವಡೆ, ಎಳ್ಳುಂಡೆ, ಹಯಗ್ರೀವ, ಕೊನೆಗೆ ಹೂರಣದ ಹೋಳಿಗೆ. ಅಡಿಗೆಮನೆಯ ಬಾಗಿಲಲ್ಲಿ, ಚೌಕಟ್ಟಿನ ಮೇಲೆ ಅಂಗೈ ಊರಿ ಜಾನಕಿಬಾಯಿ ನಿಂತಿದ್ದರು.

ಮಾಸ್ತರರು ಉಂಡರು. ಸಾರು ಗಂಟಲಲ್ಲಿ ಚುರುಕ್ಕೆಂದಿತು, ವಡೆ ಹಲ್ಲಿಗೆ ಸಿಕ್ಕು ಮುರಿಯಿತು, ಹಯಗ್ರೀವದ ಲವಂಗ ಎಲ್ಲೆಲ್ಲಿಯ ಪಂಕ್ತಿಗಳನ್ನೋ ನೆನಪಿಗೆ ತಂದಿತು. ಮೊದಲ ಹೋಳಿಗೆ ತುಪ್ಪದ ಸಮೇತ ಕರಗಿ ಹೋಯಿತು. ಎರಡನೆಯದಕ್ಕೆ ಅವರೇ ಎಲೆ ಸರಿಮಾಡಿಕೊಟ್ಟರು. ಇದು ತನ್ನ ಹಸಿವೆಯೋ, ಅವನದೋ? ಇಷ್ಟು ದಿನ ಬಾರದ್ದು ಇವತ್ತೇ ಬಂತೆಂದರೆ ಸಂಕರ್ಷಣನೇ ಹೊತ್ತು ತಂದನೇನೋ. ಬಾಗಿಲಲ್ಲಿ ಜಾನಕಿಬಾಯಿ ಸೊಸೆಯ ಕಿವಿಯಲ್ಲಿ ಏನೋ ಅಂದರು. ಅವರ ಮುಖ ನೋಡಿ ಮಾಸ್ತರರ ಕಣ್ಣು ಮಂಜಾಯಿತು.

ಮೂರನೆಯ ಹೋಳಿಗೆಯ ಅಂಚನ್ನು ಮುರಿದರು. ಬಾಯಿಗಿಟ್ಟರು. ಅಲ್ಲಿಗೆ ನಿಂತಿತು.

ನೋವಿಲ್ಲ, ಸಂಕಟವಿಲ್ಲ. ಯಾರೋ ಒಳಗಿನಿಂದ ಸದ್ದಿಲ್ಲದೆ ಬಾಗಿಲು ಮುಚ್ಚಿಕೊಂಡ ಹಾಗೆ. ನಾಲಿಗೆ ಇನ್ನೂ ಏಲಕ್ಕಿ, ಬೆಲ್ಲ ಎಂದು ಕುಣಿಯುತ್ತಿತ್ತು. ಗಂಟಲಿನಿಂದ ಕೆಳಗೆ ಕರೆದರೆ ಓ ಅನ್ನುವವರಿಲ್ಲ. ಅಗಿದದ್ದನ್ನೇ ಅಗಿದರು. "ಸಾವಕಾಶ ಆಗಲಿ ಕಾಕಾ," ಎಂದು ಸುಧೀರ ಮತ್ತೊಂದು ಹೋಳಿಗೆ ಹಾಕಿ ತುಪ್ಪ ಸುರಿದ. ತಡೆಯಬೇಕಿತ್ತು, ತಡೆಯಲಿಲ್ಲ. ಜಾನಕಿಬಾಯಿ ನೋಡುತ್ತಿದ್ದರು. ಇನ್ನೊಂದು ತುತ್ತು ನುಂಗಿದರು. ಅದು ಇಳಿಯದೆ ಎದೆಯಲ್ಲಿ ನಿಂತಿತು. ಹಳಸಿದ ತೇಗೊಂದು ಬಂತು, ಅದರ ಹಿಂದೆಯೇ ಹೂರಣ ಮೇಲಕ್ಕೆ ಬರುವ ಸೂಚನೆ. ಈ ಸ್ಥಾನದಲ್ಲಿ ಕೂತವನು ಎಲೆಯ ಮೇಲೆ ವಾಂತಿ ಮಾಡಿಕೊಂಡರೆ ಶ್ರಾದ್ಧವೇ ಕೆಟ್ಟಿತು. ಇವತ್ತಿನದೆಲ್ಲ ಸುಳ್ಳಾಗಿ, ಮತ್ತೆ ಮೊದಲಿನಿಂದ ಮಾಡಬೇಕು. ಉಂಡರೆ ಹಾಗೆ. ಬಿಟ್ಟರೆ ಬಾಗಿಲಲ್ಲಿ ನಿಂತವರಿಗೆ ಏನಾದೀತು?

ಉಸಿರು ಬಿಗಿಹಿಡಿದು ಅವರು ಎಲೆಯ ಮೇಲೆ ಕೈ ಅಡ್ಡ ಹಿಡಿದರು. ತಲೆ ಎತ್ತಲಿಲ್ಲ. ಚೌಕಟ್ಟಿನ ಮೇಲಿದ್ದ ಅಂಗೈ ನಿಧಾನಕ್ಕೆ ಕೆಳಗೆ ಜಾರಿದ್ದು ಮಾತ್ರ ಕಣ್ಣಂಚಿಗೆ ಕಂಡಿತು.

ಭಟ್ಟರು ಕೇಳು ಎಂದು ಸನ್ನೆ ಮಾಡಿದರು. ಸುಧೀರ ಕೈಮುಗಿದು, "ತೃಪ್ತಾಃ ಸ್ಥ?" ಎಂದ. ತೃಪ್ತರಾದಿರಾ?

ಧೀರೇಂದ್ರಾಚಾರ್ಯರು ಉತ್ತರದ ಜೊತೆ ತೇಗನ್ನೂ ಕೊಟ್ಟರು. ಮಾಸ್ತರರು ಎಲೆ ನೋಡಿದರು. ಎಷ್ಟು ಶ್ರಾದ್ಧಗಳಲ್ಲಿ ಈ ಪ್ರಶ್ನೆಗೆ ಎಲೆ ನೋಡದೆಯೇ ಉತ್ತರ ಹೇಳಿದ್ದರು! ಈಗ ಹೊಟ್ಟೆ ಹೌದೆನ್ನುತ್ತಿತ್ತು, ಬಾಯಿ ಇಲ್ಲವೆನ್ನುತ್ತಿತ್ತು. ಇವೆರಡರಲ್ಲಿ ಸಂಕರ್ಷಣ ಎಲ್ಲಿ ಕೂತಿದ್ದಾನೆ? ಭಟ್ಟರು ಕೆಮ್ಮಿದರು. "ತೃಪ್ತಾಃ ಸ್ಮಃ" ಎಂಬ ಮಾತು ತಾನಾಗಿಯೇ ಹೊರಬಿತ್ತು. ಸುಳ್ಳೋ ನಿಜವೋ ಹೇಳಿದವರಿಗೇ ತಿಳಿಯಲಿಲ್ಲ.

ಪಿಂಡ, ದಕ್ಷಿಣೆ, ಆಶೀರ್ವಾದ ಎಲ್ಲ ಮುಗಿದು ಭಟ್ಟರೂ ಧೀರೇಂದ್ರಾಚಾರ್ಯರೂ ಹೊರಟು ಹೋದರು. ಸುಧೀರ ಬೈಕಿನ ಮೇಲೆ ಬಸ್ಸಿಗೆ ಬಿಡುತ್ತೇನೆಂದಿದ್ದ. ಅವನು ಬಟ್ಟೆ ಬದಲಿಸಿ ಬರುವ ತನಕ ಮಾಸ್ತರರು ಮುಂದಿನ ಕಟ್ಟೆಯ ಮೇಲೆ ಕೂತರು. ಜಾನಕಿಬಾಯಿ ಹೊರಗೆ ಬಂದದ್ದು ಕಂಡು ಏಳಹೋದರು.

"ಕೂಡ್ರಿ, ಕೂಡ್ರಿ. ಮಾಸ್ತರ್ರ, ನೀವೂ ಆ ಸೂಜಿ ಮಾಡಸ್ಕೋತೀರಿ, ಹೌದಲ್ಲೋ?"

"ಯಾರು ಹೇಳಿದ್ರು, ವಹಿನಿ?"

"ನಿಮ್ಮ ಕೈ ಹೇಳ್ತು. ಆ ಕೈ ನಾ ಭಾಳ ನೋಡೇನಿ."

ಮಾಸ್ತರರ ಕಿವಿ ಬಿಸಿಯಾದವು. "ತಪ್ಪಾತು. ಎರಡು ವಾರ ಬಿಟ್ಟಿದ್ದೆ. ಹಸಿವಿ ಬಂದದ ಅಂತ ತಿಳಕೊಂಡೆ. ಬಂದಿತ್ತೂ ಖರೆ."

ಸಿಟ್ಟು ಬರಬಹುದೆಂದು ಅವರು ಕಾದರು. ಜಾನಕಿಬಾಯಿ ಸೆರಗು ಸರಿಮಾಡಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಹಂಗಾರ ಇದನ್ನ ಹೇಳೋರು ನೀವೊಬ್ಬರ. ಮೂರನೇ ತುತ್ತಿಗೆ ಏನಾಗ್ತದ?"

"ಏನಂತ ಹೇಳ್ಲಿ? ಬಾಯಿ ಬೇಕಂತದ. ಒಳಗ ಕೇಳಿದ್ರ ಯಾರೂ ಇಲ್ಲ."

"ಸಿಟ್ಟು?"

"ಸಿಟ್ಟು ಎಲ್ಲಿಂದ ಬರಬೇಕ್ರಿ? ನೀವು ಬಾಗಿಲದಾಗ ನಿಂತಿದ್ರಿ. ಇಷ್ಟು ಆಸ್ಥಾದಿಂದ ಮಾಡ್ಯಾರ, ಉಣ್ಣಲಿಕ್ಕೆ ಆಗವಲ್ದು ಅಂತ ಭಾಳ ಕೆಟ್ಟನಿಸ್ತು. ಅದಕ್ಕ ನಿಮ್ಮ ಕಡೆ ನೋಡಲಿಲ್ಲ."

ಓಣಿಯಲ್ಲಿ ಒಂದು ಟ್ರ್ಯಾಕ್ಟರ್ ಹೋಯಿತು, ಅದರ ಧೂಳು ಅಂಗಳದಲ್ಲಿ ಕೂತಿತು.

"ಅವರೂ ನೋಡ್ತಿರಲಿಲ್ಲ," ಎಂದರು ಜಾನಕಿಬಾಯಿ. "ಹಂಗಂದ್ರ ಹಸಕೊಂಡು ಹೋದ್ರೋ, ಹೊಟ್ಟಿ ತುಂಬಿ ಹೋದ್ರೋ?"

"ಖರೆ ಹೇಳ್ಲೇನು ವಹಿನಿ? ನನಗ ನನ್ನ ಹೊಟ್ಟೀದ ತಿಳೀವಲ್ದು."

"ಅಯ್ಯ ನಿಮ್ಮ! ಇಷ್ಟ ವರ್ಷ ಮಾಸ್ತರಕಿ ಮಾಡಿ ಇಷ್ಟೂ ತಿಳೀವಲ್ದೇನು?" ಎಂದರು ಜಾನಕಿಬಾಯಿ. ನಕ್ಕರೋ, ಮೂಗು ಎಳೆದುಕೊಂಡರೋ, ಮಾಸ್ತರರಿಗೆ ಅದೂ ಸರಿಯಾಗಿ ಗೊತ್ತಾಗಲಿಲ್ಲ. "ನಾಳೆ ಡಾಕ್ಟರಿಗೆ ಫೋನ್ ಮಾಡ್ರಿ. ಸುಮ್ಮಸುಮ್ಮನ ಬಿಡಬ್ಯಾಡ್ರಿ ಔಷಧ. ವೃಂದಾಗ ನಾನೂ ಹೇಳ್ತೇನಿ."

"ಅತ್ತೀ," ಒಳಗಿನಿಂದ ಸಂಪದಾ ಕೂಗಿದಳು. "ಎಲಿ ಹಾಕೇನ್ರಿ. ನಿನ್ನಿಯಿಂದ ಒಂದು ಅಗಳು ಬಾಯಿಗಿಟ್ಟಿಲ್ಲ, ಬರ್ರಿ."

ಮೊಣಕಾಲಿಗೆ ಕೈ ಊರಿ ಅವರು ಎದ್ದು ಒಳಗೆ ಹೋದರು.

ಕಟ್ಟೆಯಿಂದ ಪಡಸಾಲೆ ದಾಟಿ ಅಡಿಗೆಮನೆಯ ಅರ್ಧ ಕಾಣುತ್ತಿತ್ತು. ಜಾನಕಿಬಾಯಿ ಗೋಡೆಗೆ ಒರಗಿ ಎಲೆಯ ಮುಂದೆ ಕೂತಿದ್ದರು. ಮೊದಲು ಎಲೆಯನ್ನು ಬರೀ ನೋಡಿದರು. ಆಮೇಲೆ ಹೋಳಿಗೆಯನ್ನು ಮುರಿದು, ಮಡಿಚಿ, ಒಂದು ತುತ್ತು ತಿಂದರು. ಅವಸರವಿಲ್ಲದೆ ಇನ್ನೊಂದು. ಒಂದು ಹೋಳಿಗೆ ಮುಗಿಯಿತು. ಬೈಕು ಶುರುವಾಯಿತು, ಸುಧೀರ "ಕಾಕಾ, ಬರ್ರಿ" ಎಂದು ಕರೆದ. ಮಾಸ್ತರರು ಎದ್ದವರು ಕಂಬ ಹಿಡಿದು ಅಲ್ಲೇ ನಿಂತರು. ಒಳಗೆ ಸಂಪದಾ ಎರಡನೆಯ ಹೋಳಿಗೆ ಹಾಕಿ, ತುಪ್ಪ ಬಡಿಸಬೇಕೋ ಬೇಡವೋ ತಿಳಿಯದೆ ಅತ್ತೆಯ ಮುಖ ನೋಡುತ್ತಿದ್ದಳು. ಜಾನಕಿಬಾಯಿ ತಲೆ ಎತ್ತಲಿಲ್ಲ. ಎಡಗೈ ಚಾಚಿ, ತುಪ್ಪದ ಗಿಂಡಿಯನ್ನೇ ತಮ್ಮ ಎಲೆಯ ಹತ್ತಿರಕ್ಕೆ ಎಳೆದುಕೊಂಡರು.